ಮೈಲುತುತ್ತಿನಿಂದ ಶುರು ಮಾಡಿ: ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿಗೆ ಒಂದು ದಾರಿ

ಮಳೆಗಾಲದ ಆಟಿ ತಿಂಗಳಲ್ಲಿ ಅಡಿಕೆಗೆ ಕೊಳೆರೋಗದ ಮದ್ದನ್ನು ಎರಡನೇ ಸಲ ಬಿಡುವ ಹೊತ್ತಿಗೆ ನನಗೆ ಫೋನು ಬರಲು ಶುರುವಾಗುತ್ತದೆ. ಆಗ ತಾನೇ ಇಂಜಿನಿಯರಿಂಗ್ ಸೇರಿದ ಮಕ್ಕಳು.

“ಮಾವ, ನಾನು ತಗೊಂಡದ್ದು ಕಂಪ್ಯೂಟರ್ ಸೈನ್ಸ್. ನನಗೆ ಈ ಕೆಮಿಸ್ಟ್ರಿ ಯಾಕೆ?”

ಯಾಕೆ ಅನ್ನುವುದಕ್ಕೆ ನಾನು ಉತ್ತರ ಕೊಡುವುದಿಲ್ಲ. ಅಪ್ಪ ಎಲ್ಲಿದ್ದಾರೆ ಎಂದು ಕೇಳುತ್ತೇನೆ. ತೋಟದಲ್ಲಿ ಮದ್ದು ಕಲೆಸ್ತಾ ಇದ್ದಾರೆ ಅನ್ನುತ್ತಾರೆ. “ಹಾಗಾದ್ರೆ ಪುಸ್ತಕ ಮುಚ್ಚಿಡು. ಅಲ್ಲಿ ಹೋಗಿ ಸ್ವಲ್ಪ ಹೊತ್ತು ನಿಲ್ಲು.”

ತಮಾಷೆಗೆ ಹೇಳುವುದಲ್ಲ ಇದು. ನಮ್ಮ ಕಾಸರಗೋಡಿನ ಮಕ್ಕಳಲ್ಲಿ ಕೆಲವರು ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋಗುತ್ತಾರೆ, ಕೆಲವರು ತಲಪಾಡಿ ದಾಟಿ ಬಡಗಕ್ಕೆ. ಒಬ್ಬರಿಗೆ ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ ಸಿಲೆಬಸ್, ಇನ್ನೊಬ್ಬರಿಗೆ ಕರ್ನಾಟಕದ ವಿಟಿಯುದ್ದು. ಪಾಠಗಳ ಹೆಸರು, ಕ್ರಮ ಬೇರೆ ಬೇರೆ. ತಿರುಳು ಹೆಚ್ಚುಕಡಿಮೆ ಒಂದೇ: ವಿದ್ಯುತ್ ರಸಾಯನ, ತುಕ್ಕು, ನೀರು, ಪಾಲಿಮರ್, ಬೆಳಕು ಹಾಯಿಸಿ ಅಳೆಯುವ ಉಪಕರಣಗಳು. ಇವೆಲ್ಲವೂ ನಮ್ಮ ಅಂಗಳದಲ್ಲೇ ಬಿದ್ದುಕೊಂಡಿವೆ. ಮಕ್ಕಳು ಫೇಲಾಗುವುದು ಥಿಯರಿ ಅರ್ಥವಾಗದೆ ಅಲ್ಲ. ನಾನು ನೋಡಿದ ಮಟ್ಟಿಗೆ ಯೂನಿಟ್ ತಪ್ಪುತ್ತದೆ, ಇಲ್ಲವೇ ಪ್ಲಸ್ ಮೈನಸ್ ತಪ್ಪುತ್ತದೆ. ಹಾಗಾಗಿ ನಾನು ಲೆಕ್ಕದಿಂದ ಶುರು ಮಾಡಿಸುತ್ತೇನೆ, ಅದೂ ಕೈಯಲ್ಲಿ ಹಿಡಿದು ನೋಡಬಹುದಾದ ವಸ್ತುವಿನಿಂದ.

ಮೊದಲು ಮೋಲ್, ಮದ್ದಿನ ಡ್ರಮ್ಮಿನ ಪಕ್ಕದಲ್ಲಿ

ಅಡಿಕೆಗೆ ಬಿಡುವ ಆ ಮದ್ದೇ ಬೋರ್ಡೋ ದ್ರಾವಣ. ಶೇಕಡಾ 1ರ ಬೋರ್ಡೋ ದ್ರಾವಣದ ಲೆಕ್ಕ ಅಡಿಕೆ ತೋಟವಿರುವ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತು ಅಂದರೆ ಕಾಪರ್ ಸಲ್ಫೇಟ್. ಮಲಯಾಳದಲ್ಲಿ ಇದಕ್ಕೆ ತುರಿಶು ಅಂತಾರೆ. ಆದರೆ ನಮ್ಮ ಮೈಲುತುತ್ತಿನ ಒಳಗೇ ಒಂದು ‘ಮಯಿಲ್’ ಕೂತಿದೆ ನೋಡಿ, ನವಿಲಿನ ಬಣ್ಣದ ತುತ್ತು.

ಈಗ ನೋಟ್‌ಬುಕ್ ತೆಗೆಯಿರಿ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ದೊಡ್ಡ ಲೆಕ್ಕ. ಒಂದು ಮೋಲ್ ಮೈಲುತುತ್ತಿನ ತೂಕ 249.7 ಗ್ರಾಂ. ತಾಮ್ರ 63.5, ಸಲ್ಫೇಟ್ ಭಾಗ 96, ಅದರ ಜೊತೆ ಹರಳಿನೊಳಗೆ ಕಟ್ಟಿಕೊಂಡಿರುವ ಐದು ನೀರಿನ ಅಣು, ಅಂದರೆ 90. 1000 ಗ್ರಾಂ ಅನ್ನು 249.7ರಿಂದ ಭಾಗಿಸಿದರೆ ಹತ್ತಿರ ಹತ್ತಿರ 4 ಮೋಲ್. ಅದನ್ನು 100 ಲೀಟರಿಗೆ ಹಂಚಿ. 0.04 ಮೋಲಾರ್. ಮೋಲಾರಿಟಿ ಅಂದರೆ ಇಷ್ಟೇ. ಅಪ್ಪ ಡ್ರಮ್ಮಿನಲ್ಲಿ ಕಲೆಸುವುದೇ ನಿಮ್ಮ ಪುಸ್ತಕದ ‘ಸ್ಟಾಂಡರ್ಡ್ ಸೊಲ್ಯೂಷನ್’. ಅವರ ತಕ್ಕಡಿ ಸ್ವಲ್ಪ ಒರಟು, ಅಷ್ಟೇ.

ಇಲ್ಲಿ ಮಕ್ಕಳು ಮಾಡುವ ಮೊದಲ ತಪ್ಪು: ಆ ಐದು ನೀರನ್ನು ಮರೆಯುವುದು. ಆಗ ಮೋಲಿನ ತೂಕ 159.6 ಎಂದು ಹಿಡಿದು 0.063 ಮೋಲಾರ್ ಅಂತ ಬರೆಯುತ್ತಾರೆ. ಸರಿ ಉತ್ತರದ ಒಂದೂವರೆ ಪಟ್ಟು! ಒಂದು ಕಿಲೋ ಮೈಲುತುತ್ತಿನಲ್ಲಿ 360 ಗ್ರಾಂ ಬರೀ ನೀರು, ಅಷ್ಟಕ್ಕೂ ನಾವು ದುಡ್ಡು ಕೊಟ್ಟಿರುತ್ತೇವೆ ಅನ್ನುವುದನ್ನು ನೆನಪಿಟ್ಟರೆ ಆ ತಪ್ಪು ಮತ್ತೆ ಆಗುವುದಿಲ್ಲ. ತಾಮ್ರ ಇರುವುದು ಸುಮಾರು 254 ಗ್ರಾಂ, ಕಾಲು ಕಿಲೋ. ಲ್ಯಾಬಿನಲ್ಲಿ ಯಾವ ಬಾಟಲಿ ತೆಗೆದರೂ ಲೇಬಲ್ಲಿನಲ್ಲಿ ನೀರಿನ ಅಣು ಎಷ್ಟು ಎಂದು ಮೊದಲು ನೋಡಿ.

ಎರಡನೇ ಲೆಕ್ಕ ಇನ್ನೂ ಮಜಾ. ಮೈಲುತುತ್ತು ಮತ್ತು ನೀರು ಸುಣ್ಣ (ನೀರು ಹಾಕಿ ಅರಳಿಸಿದ ಸುಣ್ಣ) ಸೇರಿದಾಗ, ಸರಳ ಮಾಡಿ ಹೇಳುವುದಾದರೆ, ಒಂದು ಮೋಲಿಗೆ ಒಂದು ಮೋಲ್ ಸಾಕು. ನೀರು ಸುಣ್ಣದ ಮೋಲ್ ತೂಕ 74. 4 ಮೋಲಿಗೆ ಸುಮಾರು 300 ಗ್ರಾಂ. ಹಾಗಾದರೆ 1 ಕಿಲೋ ಯಾಕೆ ಹಾಕುತ್ತಾರೆ? ಅಂಗಡಿಯ ಸುಣ್ಣ ಪೂರ್ತಿ ಸುಣ್ಣ ಅಲ್ಲ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಕುಡಿದು ಅದರಲ್ಲಿ ಒಂದಷ್ಟು ಕಾರ್ಬೊನೇಟ್ ಆಗಿಬಿಟ್ಟಿರುತ್ತದೆ. ಕಲ್ಲು, ಮರಳು ಬೇರೆ. ಮೇಲಾಗಿ ತಾಮ್ರ ಬಿಡಿಯಾಗಿ ಉಳಿದರೆ ಅಡಿಕೆಯ ಹಸಿ ಕಾಯಿ, ಸೋಗೆ ಸುಡುತ್ತದೆ, ಸುಣ್ಣ ಜಾಸ್ತಿಯಾದರೆ ಅಷ್ಟು ತೊಂದರೆ ಇಲ್ಲ. ಪುಸ್ತಕದಲ್ಲಿ ‘ಲಿಮಿಟಿಂಗ್ ರಿಯೇಜೆಂಟ್’ ಅಂತ ಬರುತ್ತದಲ್ಲ, ಅಂದರೆ ಮೊದಲು ಖರ್ಚಾಗಿ ಮುಗಿಯುವ ಸರಕು, ಇಲ್ಲಿ ಅದು ಮೈಲುತುತ್ತು. ಬೇಕೆಂದೇ ಹಾಗೆ ಮಾಡಿದ್ದು.

ಈ ಎರಡು ಲೆಕ್ಕವನ್ನು ನೋಡದೆ ಮಾಡಲು ಬಂದರೆ ಮಾತ್ರ ಮುಂದಿನ ಪಾಠಕ್ಕೆ ಹೋಗಿ. ಒಂದು ವಾರ ಹಿಡಿದರೂ ಪರವಾಗಿಲ್ಲ.

ಪಿಪಿಎಂ ಅಂದರೆ ಎಷ್ಟು

ಯೂನಿಟ್ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ನೀರಿನಲ್ಲಿ 1 ಪಿಪಿಎಂ ಅಂದರೆ ಒಂದು ಲೀಟರಿಗೆ 1 ಮಿಲಿಗ್ರಾಂ. ಪಿಪಿಬಿ ಅಂದರೆ ಅದರ ಸಾವಿರದಲ್ಲೊಂದು ಪಾಲು. ಬೋರ್ಡೋದ 0.04 ಮೋಲಾರ್ ತಾಮ್ರವನ್ನು ಪಿಪಿಎಂನಲ್ಲಿ ಹೇಳಿದರೆ ಸುಮಾರು 2540. ಮೋಲಾರಿನಿಂದ ಪಿಪಿಎಂಗೆ, ಪಿಪಿಎಂನಿಂದ ಮೋಲಾರಿಗೆ ಹತ್ತು ಸಲ ಹೋಗಿ ಬನ್ನಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟ ಊರು ನಮ್ಮದು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿ ನಿಲ್ಲಿಸಿದ್ದು 2011ರಲ್ಲಿ. ಆ ಬಗ್ಗೆ ಬಂದ ವರದಿಗಳನ್ನು ಓದಲು ಕೂತರೆ ಮೊದಲ ಪುಟದಿಂದಲೇ ಇದೇ ಯೂನಿಟ್‌ಗಳು ಎದುರಾಗುತ್ತವೆ. ಸೊನ್ನೆ ಎಲ್ಲಿ ಜಾರಿತು ಎಂದು ನೋಡಲು ಬಾರದವರು ಅಂಥ ವರದಿಯ ಮುಂದೆ ಸುಮ್ಮನೆ ತಲೆ ಆಡಿಸಬೇಕಾಗುತ್ತದೆ.

ಪೀಶಕತ್ತಿ ಮುಳುಗಿಸಿ ನೋಡಿ

ಮದ್ದು ಸರಿಯಾಗಿದೆಯೇ ಎಂದು ನೋಡಲು ಹಿರಿಯರು ಲಿಟ್ಮಸ್ ಹುಡುಕುವುದಿಲ್ಲ. ಹಳೇ ಕಬ್ಬಿಣದ ಪೀಶಕತ್ತಿಯನ್ನು ಉಜ್ಜಿ, ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಬಂತೋ, ಸುಣ್ಣ ಸಾಲದು. ಏನೂ ಬರಲಿಲ್ಲವೋ, ಮದ್ದು ತಯಾರು. ಈಗಿನ ಸ್ಟೀಲ್ ಚೂರಿಯಲ್ಲಿ ಈ ಪರೀಕ್ಷೆ ಮಾಡಬೇಡಿ. ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಇರುತ್ತದೆ, ತಾಮ್ರ ಅಲ್ಲಿ ಕೂರಲು ಒಪ್ಪುವುದಿಲ್ಲ. ಮದ್ದು ಕೆಟ್ಟಿದ್ದರೂ ಸರಿಯಾಗಿದೆ ಅನಿಸಿಬಿಡುತ್ತದೆ.

ಆ ಕೆಂಪು ಲೇಪವೇ ವಿದ್ಯುತ್ ರಸಾಯನದ ಇಡೀ ಪಾಠ. ಕಬ್ಬಿಣ ಎರಡು ಎಲೆಕ್ಟ್ರಾನ್ ಕೊಟ್ಟು ನೀರಿಗೆ ಇಳಿಯಿತು. ತಾಮ್ರದ ಅಯಾನು, ಅಂದರೆ ಚಾರ್ಜ್ ಹೊತ್ತ ಕಣ, ಆ ಎರಡನ್ನು ತಗೊಂಡು ಲೋಹವಾಗಿ ಅಲಗಿಗೆ ಅಂಟಿತು. ಕೊಟ್ಟದ್ದು ಉತ್ಕರ್ಷಣ, ತಗೊಂಡದ್ದು ಅಪಕರ್ಷಣ. ಇವೆರಡನ್ನೂ ಒಂದೇ ಅಲಗಿನ ಮೇಲೆ ಬಿಡದೆ, ಬೇರೆ ಬೇರೆ ಲೋಟದಲ್ಲಿ ಕೂರಿಸಿ, ನಡುವೆ ತಂತಿ ಎಳೆದರೆ ಅದೇ ಸೆಲ್. ನಾನು ಮಕ್ಕಳಿಗೆ ಹೇಳಿಕೊಡುವುದು ಮೂರೇ ಶಬ್ದ: ‘ಕೊಡುವ ಕಡೆ ಆನೋಡು.’ ಸೆಲ್ ಆಗಲಿ, ಎಲೆಕ್ಟ್ರಾಲಿಸಿಸ್ ಆಗಲಿ, ತುಕ್ಕಾಗಲಿ, ಈ ಮಾತು ಬದಲಾಗುವುದಿಲ್ಲ. ಬದಲಾಗುವುದು ಪ್ಲಸ್ ಮೈನಸ್ ಗುರುತು ಮಾತ್ರ. ಅದನ್ನು ಬಾಯಿಪಾಠ ಮಾಡಲು ಹೋದವರೇ ಗೊಂದಲಕ್ಕೆ ಬೀಳುವುದು.

ಲೆಕ್ಕ ಮಾಡೋಣ. ಸ್ಟಾಂಡರ್ಡ್ ಪೊಟೆನ್ಷಿಯಲ್ ಅಂದರೆ ಎಲೆಕ್ಟ್ರಾನ್ ಎಳೆದುಕೊಳ್ಳುವ ಸೆಳೆತದ ಅಳತೆ. ತಾಮ್ರದ್ದು ಪ್ಲಸ್ 0.34 ವೋಲ್ಟ್, ಕಬ್ಬಿಣದ್ದು ಮೈನಸ್ 0.44. ಕ್ಯಾಥೋಡಿನಿಂದ, ಅಂದರೆ ತಗೊಳ್ಳುವ ಕಡೆಯಿಂದ, ಆನೋಡನ್ನು ಕಳೆಯಬೇಕು. 0.34ರಿಂದ ಮೈನಸ್ 0.44 ಕಳೆದರೆ 0.78. ಉತ್ತರ ಪ್ಲಸ್ ಬಂತು, ಅಂದರೆ ಕ್ರಿಯೆ ತಾನಾಗಿ ನಡೆಯುತ್ತದೆ. ಅಲಗು ಕೆಂಪಾದದ್ದು ಅದಕ್ಕೇ. ಉಲ್ಟಾ ಮಾಡಿ, ತಾಮ್ರದ ಬಳೆಯನ್ನು ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಉಪ್ಪಿನ ನೀರಿನಲ್ಲಿ ಅದ್ದಿದರೆ ಏನೂ ಆಗುವುದಿಲ್ಲ.

ಇನ್ನು ನೆರ್ನ್‌ಸ್ಟ್ ಸಮೀಕರಣ. ಅಯಾನಿನ ಪ್ರಮಾಣ ಬದಲಾದರೆ ವೋಲ್ಟ್ ಎಷ್ಟು ಬದಲಾಗುತ್ತದೆ ಎಂದು ಹೇಳುವುದು ಇದು. ನಮ್ಮ ಮದ್ದಿನ 0.04 ಮೋಲಾರ್ ತಾಮ್ರವನ್ನೇ ತಗೊಳ್ಳಿ, ಇನ್ನೂ ಸುಣ್ಣ ಹಾಕಿಲ್ಲ. ಕಬ್ಬಿಣದ ಅಯಾನು 0.01 ಮೋಲಾರ್ ಇದೆ ಅಂದುಕೊಳ್ಳಿ. ಎಲೆಕ್ಟ್ರಾನ್ ಎರಡು, ಹಾಗಾಗಿ 0.0591ನ್ನು 2ರಿಂದ ಭಾಗಿಸಿದರೆ 0.0296. ಲಾಗ್ ಒಳಗೆ ಮೇಲೆ ಹುಟ್ಟುವ ಅಯಾನು, ಕೆಳಗೆ ಖರ್ಚಾಗುವ ಅಯಾನು. 0.01 ಭಾಗಿಸು 0.04 ಅಂದರೆ 0.25, ಅದರ ಲಾಗ್ ಮೈನಸ್ 0.602. ಈಗ 0.78ರಿಂದ, 0.0296 ಗುಣಿಸು ಮೈನಸ್ 0.602ನ್ನು ಕಳೆಯಬೇಕು. ಮೈನಸ್ಸಿಗೆ ಮೈನಸ್ ಸೇರಿ ಪ್ಲಸ್ ಆಗಿ ಸುಮಾರು 0.80 ವೋಲ್ಟ್. ಹತ್ತರಲ್ಲಿ ಆರು ಮಕ್ಕಳಾದರೂ ಇಲ್ಲಿ 0.76 ಅಂತ ಬರೆದು ಕೊಡುತ್ತಾರೆ. ಉತ್ತರ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಖರ್ಚಾಗುವ ಸರಕು ಜಾಸ್ತಿ ಇದ್ದು, ಹುಟ್ಟಿದ ಸರಕು ಕಡಿಮೆ ಇದ್ದರೆ ಕ್ರಿಯೆಗೆ ಒತ್ತಡ ಜಾಸ್ತಿ ಇರಬೇಕೋ ಕಡಿಮೆಯೋ? ಜಾಸ್ತಿ ತಾನೆ? ಹಾಗಾದರೆ 0.78ಕ್ಕಿಂತ ಮೇಲೇ ಬರಬೇಕು.

ಒಂದು ಎಚ್ಚರಿಕೆ. ಮೈಲುತುತ್ತು ವಿಷ. ಅಡುಗೆ ಮನೆಯ ಪಾತ್ರೆಯಲ್ಲಿ ಇದನ್ನೆಲ್ಲ ಮಾಡಲು ಹೋಗಬೇಡಿ. ಕಬ್ಬಿಣದ ಬಕೆಟ್ಟಿನಲ್ಲಂತೂ ಕರಗಿಸಲೇಬೇಡಿ. ಯಾಕೆ ಅಂತ ಈಗ ನಿಮಗೇ ಗೊತ್ತು.

ಮೂರು ಕಾಲಮಿನ ಪಟ್ಟಿ

ಮಧ್ಯದಲ್ಲಿ ಒಂದು ಮಾತು. ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿ, ಪ್ಲಸ್ ಟೂ ಇಂಗ್ಲಿಷಿನಲ್ಲಿ ತೇಲಿ ದಾಟಿ, ಈಗ ಮೇಷ್ಟ್ರು ಮಲಯಾಳದಲ್ಲಿ ಬಿಡಿಸಿ ಹೇಳುವ ಕ್ಲಾಸಿನಲ್ಲಿ ಕೂತಿರುವ ಮಗುವಿಗೆ ಸುಸ್ತಾಗುವುದು ಸಹಜ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೂರು ಕಾಲಂ ಮಾಡಿ. ಇಂಗ್ಲಿಷ್ ಶಬ್ದ, ನಿಮ್ಮ ಹೈಸ್ಕೂಲಿನ ಕನ್ನಡ ಶಬ್ದ, ಮನೆಯಲ್ಲಿ ಕಂಡ ವಸ್ತು. ಹಾರ್ಡ್‌ನೆಸ್, ಗಡಸುತನ, ಸೋಪು ನೊರೆ ಬಾರದ ಬೋರ್‌ವೆಲ್ ನೀರು. ಕೊಯಾಗ್ಯುಲೇಷನ್, ಹೆಪ್ಪುಗಟ್ಟುವುದು, ರಬ್ಬರ್ ಹಾಲಿಗೆ ಆಸಿಡ್ ಹಾಕುವುದು. ಮೂರನೇ ಕಾಲಂ ಖಾಲಿ ಉಳಿದ ಶಬ್ದ ನಿಮಗೆ ಇನ್ನೂ ಅರ್ಥವಾಗಿಲ್ಲ ಎಂದು ಲೆಕ್ಕ. ಪರೀಕ್ಷೆಯಲ್ಲಿ ಬರೆಯುವುದು ಇಂಗ್ಲಿಷಿನಲ್ಲೇ ಆದರೂ ಯೋಚನೆಯನ್ನು ಬಲವಂತವಾಗಿ ಇಂಗ್ಲಿಷಿಗೆ ದಾಟಿಸುವ ಅಗತ್ಯವಿಲ್ಲ.

ಲ್ಯಾಬಿನ ಮೊದಲ ದಿನ: ನೀರಿನ ಗಡಸುತನ

ಹೆಚ್ಚಿನ ಕಾಲೇಜಿನಲ್ಲಿ ಮೊದಲ ಪ್ರಯೋಗಗಳಲ್ಲಿ ಒಂದು ಇಡಿಟಿಎ ಟೈಟ್ರೇಷನ್. ನೀರನ್ನು ಗಡುಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಹಿಡಿದುಕೊಳ್ಳುವ ರಾಸಾಯನಿಕ ಇಡಿಟಿಎ. ಅದನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಖರ್ಚಾಯಿತು ಎಂದು ಅಳೆಯುವುದೇ ಟೈಟ್ರೇಷನ್. ಇದೊಂದನ್ನು ಸರಿಯಾಗಿ ಕಲಿತರೆ ಉಳಿದ ಟೈಟ್ರೇಷನ್‌ಗಳಿಗೆ ಕೈ ಕೂತುಬಿಡುತ್ತದೆ. ನಿಧಾನವಾಗಿ ಹೇಳುತ್ತೇನೆ.

ಬ್ಯೂರೆಟ್ಟನ್ನು ಮೊದಲು ಡಿಸ್ಟಿಲ್ಡ್ ನೀರಿನಲ್ಲಿ, ಆಮೇಲೆ ಸ್ವಲ್ಪ ಇಡಿಟಿಎಯಲ್ಲೇ ತೊಳೆಯಿರಿ. ಪಿಪೆಟ್ಟನ್ನು ಪರೀಕ್ಷೆ ಮಾಡುವ ನೀರಿನಲ್ಲೇ ತೊಳೆಯಿರಿ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ಡಿಸ್ಟಿಲ್ಡ್ ನೀರಿನಲ್ಲಿ. ಯಾಕೆ ಈ ಭೇದ? ಬ್ಯೂರೆಟ್ಟಿನಲ್ಲಿ ನೀರಿನ ಹನಿ ಉಳಿದರೆ ಇಡಿಟಿಎ ತೆಳುವಾಗುತ್ತದೆ. ಫ್ಲಾಸ್ಕಿಗೆ ನೀವು ಅಳೆದೇ 50 ಮಿಲಿಲೀಟರ್ ಹಾಕುತ್ತೀರಿ. ಅದರಲ್ಲಿ ಡಿಸ್ಟಿಲ್ಡ್ ನೀರು ಒಂದು ಲೋಟ ಮೊದಲೇ ಇದ್ದರೂ ಕ್ಯಾಲ್ಸಿಯಂ ಎಷ್ಟಿತ್ತೋ ಅಷ್ಟೇ. ಆದರೆ ಫ್ಲಾಸ್ಕನ್ನು ಪರೀಕ್ಷೆಯ ನೀರಿನಲ್ಲಿ ತೊಳೆದರೆ ಲೆಕ್ಕಕ್ಕೆ ಸಿಗದ ಕ್ಯಾಲ್ಸಿಯಂ ಒಳಗೆ ಕೂತಿರುತ್ತದೆ. ವೈವಾದಲ್ಲಿ ಈ ಪ್ರಶ್ನೆ ಬಿಡುವುದೇ ಇಲ್ಲ.

ಬ್ಯೂರೆಟ್ ತುಂಬಿಸಿದ ಮೇಲೆ ಫನೆಲ್ ತೆಗೆದಿಡಿ. ಅದರ ತುದಿಯಿಂದ ಮಧ್ಯದಲ್ಲಿ ಒಂದು ಹನಿ ಬಿದ್ದರೂ ರೀಡಿಂಗ್ ಹೋಯಿತು. ನಲ್ಲಿಯ ಕೆಳಗಿನ ಮೂತಿಯಲ್ಲಿ ಗಾಳಿಯ ಗುಳ್ಳೆ ಇದ್ದರೆ ಒಮ್ಮೆ ಜೋರಾಗಿ ಬಿಟ್ಟು ಹೊರಡಿಸಿ. ಓದುವಾಗ ಕಣ್ಣು ದ್ರವದ ಮಟ್ಟಕ್ಕೇ ಬರಲಿ, ಬಾಗಿದ ಮೇಲ್ಮೈಯ ಕೆಳ ಅಂಚನ್ನು ಓದಿ. ಎತ್ತರ ಕಡಿಮೆ ಇದ್ದವರು ನಾಚಿಕೆ ಇಲ್ಲದೆ ಸ್ಟೂಲ್ ಹತ್ತಿ.

ಫ್ಲಾಸ್ಕಿನ ನೀರಿಗೆ ಅಮೋನಿಯಾ ಬಫರ್ ಹಾಕುತ್ತೀರಿ. ರಬ್ಬರ್ ತೋಟದ ಮನೆಯವರಿಗೆ ಆ ವಾಸನೆ ಗುರುತು ಹತ್ತುತ್ತದೆ, ಹಾಲು ಬೇಗ ಹೆಪ್ಪಾಗದಿರಲಿ ಎಂದು ಹಾಕುವುದು ಇದನ್ನೇ. ಬಫರ್ ಪಿಎಚ್ 10ರ ಹತ್ತಿರ ಹಿಡಿದಿಡುತ್ತದೆ. ಪಿಎಚ್ ಅದಕ್ಕಿಂತ ತುಂಬಾ ಕೆಳಗಿದ್ದರೆ ಇಡಿಟಿಎಗೆ ಲೋಹವನ್ನು ಬಿಗಿಯಾಗಿ ಹಿಡಿಯಲಾಗುವುದಿಲ್ಲ, ತುಂಬಾ ಮೇಲಿದ್ದರೆ ಮೆಗ್ನೀಸಿಯಂ ಗಸಿಯಾಗಿ ಕೂತುಬಿಡುತ್ತದೆ. ಆಮೇಲೆ ಬಣ್ಣ ಬದಲಾಯಿಸಿ ಕೊನೆ ತೋರಿಸುವ ಸೂಚಕ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎರಡು ಹನಿ. ಪುಸ್ತಕದಲ್ಲಿ ‘ವೈನ್ ರೆಡ್’ ಅಂತ ಇರುತ್ತದೆ. ವೈನ್ ನೋಡದ ಮಕ್ಕಳಿಗೆ ನಾನು ಹೇಳುವುದು ಪುನರ್ಪುಳಿ ಶರಬತ್ತಿನ ಬಣ್ಣ. ತೆಳ್ಳಗಿನದ್ದಲ್ಲ, ಮನೆಯಲ್ಲಿ ಮಾಡಿದ್ದು.

ಈಗ ಇಡಿಟಿಎ ಬಿಡಿ, ಫ್ಲಾಸ್ಕ್ ತಿರುಗಿಸುತ್ತಾ ಇರಿ. ಪುನರ್ಪುಳಿ ಬಣ್ಣ ನಿಧಾನಕ್ಕೆ ನೇರಳೆಗೆ ತಿರುಗುತ್ತದೆ. ಇಲ್ಲೇ ಅವಸರ ಪಡುವುದು ಎಲ್ಲರೂ. ನೇರಳೆ ಕೊನೆಯಲ್ಲ. ಒಂದು ಹನಿ, ಎರಡು ಉಸಿರು ಕಾಯುವುದು, ಮತ್ತೆ ಒಂದು ಹನಿ. ಕೆಂಪಿನ ಛಾಯೆ ಪೂರ್ತಿ ಹೋಗಿ ಶುದ್ಧ ನೀಲಿ ಬಂದಾಗ ನಿಲ್ಲಿಸಿ. ಕೆಳಗೆ ಬಿಳಿ ಹೆಂಚೋ ಕಾಗದವೋ ಇಟ್ಟುಕೊಂಡರೆ ಕಣ್ಣಿಗೆ ಮೋಸವಾಗುವುದಿಲ್ಲ. ಎರಡು ಸಲ ಒಂದೇ ರೀಡಿಂಗ್ ಬರುವ ತನಕ ಮಾಡಿ.

ಲೆಕ್ಕಕ್ಕೆ ಉದ್ದದ ಸೂತ್ರ ಬೇಡ. ಇಡಿಟಿಎ ಒಂದು ಅಣು, ಕ್ಯಾಲ್ಸಿಯಂ ಒಂದು ಅಯಾನು, ಒಂದಕ್ಕೊಂದು. ಗಡಸುತನವನ್ನು ಹೇಳುವುದು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಅದರ ಮೋಲ್ ತೂಕ 100. ಹಾಗಾಗಿ 0.01 ಮೋಲಾರ್ ಇಡಿಟಿಎಯ ಒಂದು ಮಿಲಿಲೀಟರ್ ಅಂದರೆ ಸರಿಯಾಗಿ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. 50 ಮಿಲಿಲೀಟರ್ ನೀರಿಗೆ 12.4 ಖರ್ಚಾಯಿತು ಅನ್ನಿ. 12.4 ಮಿಲಿಗ್ರಾಂ. ಒಂದು ಲೀಟರಿಗೆ ಇಪ್ಪತ್ತು ಪಟ್ಟು, 248. ಕುಡಿಯುವ ನೀರಿಗೆ ಭಾರತೀಯ ಮಾನಕ 200ರ ತನಕ ಒಪ್ಪುತ್ತದೆ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ.

ಆ 12.4 ನಾನು ಕಟ್ಟಿದ ಅಂಕಿಯಲ್ಲ. ನಾನು ಮೊದಲ ವರ್ಷದಲ್ಲಿದ್ದಾಗ ಮನೆಯಿಂದ ನೀರು ತರಲು ಹೇಳಿದ್ದರು. ಪಕ್ಕದ ಹುಡುಗ ತಂದದ್ದು ಹೊಳೆಯ ಅಳಿವೆ ಹತ್ತಿರದ ಬೋರ್‌ವೆಲ್ ನೀರು. ನಾನು ತಂದದ್ದು ನಮ್ಮ ಗುಡ್ಡದ ಸುರಂಗದ ನೀರು. ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದು ಅಜ್ಜನ ಕಾಲದಲ್ಲಿ ಮಾಡಿದ ಸುರಂಗ. ಅವನಿಗೆ 12.4 ಬಂತು. ನನಗೆ ನಲ್ಲಿ ತಿರುಗಿಸುವಷ್ಟರಲ್ಲಿ ನೀಲಿ. 0.6! ಮೂರು ಸಲ ಮಾಡಿದೆ, ಮೂರು ಸಲವೂ 0.6. ಮೇಷ್ಟ್ರು ಬಂದು ನೋಡಿದರು. “ಡಿಸ್ಟಿಲ್ಡ್ ವಾಟರ್ ಹಾಕಿದ್ದೀಯಾ?” ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳದೆ ಮುಂದಕ್ಕೆ ಹೋದರು. ನಾನು ಹೆದರಿ ಪಕ್ಕದವನ ಅಂಕಿಗೆ ಒಂದು ಪಾಯಿಂಟ್ ಆಚೀಚೆ ಮಾಡಿ ಬರೆದೆ. ಪೂರ್ತಿ ಮಾರ್ಕು ಬಂತು. ಆ ಮಾರ್ಕಿನ ಬಗ್ಗೆ ಇವತ್ತಿಗೂ ನನಗೆ ಕಸಿವಿಸಿ.

0.6 ಸರಿಯೇ ಇತ್ತು. ಲೀಟರಿಗೆ 12 ಮಿಲಿಗ್ರಾಂ. ಮುರಕಲ್ಲು ಅಂದರೆ ಲಕ್ಷಾಂತರ ಮಳೆಗಾಲಗಳು ತೊಳೆದು ತೊಳೆದು ಉಳಿಸಿದ ಕಲ್ಲು. ನೀರಿನಲ್ಲಿ ಕರಗುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಯಾವತ್ತೋ ಸಮುದ್ರ ಸೇರಿದೆ. ಕರಗದ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಕೂತಿವೆ. ಕರಗಲು ಏನೂ ಇಲ್ಲದ ಕಲ್ಲಿನ ಮೂಲಕ ಇಳಿದ ಮಳೆನೀರು ಮೆದುವಾಗಿಯೇ ಬರಬೇಕು, ಪಿಎಚ್ ಕೂಡ ಏಳಕ್ಕಿಂತ ಸ್ವಲ್ಪ ಕೆಳಗೆ. ಬ್ಯುಕನನ್ ಎಂಬ ಸ್ಕಾಟಿಷ್ ವೈದ್ಯ ಈ ಕಲ್ಲನ್ನು ಮಲಬಾರಿನಲ್ಲಿ ನೋಡಿ, ಇಟ್ಟಿಗೆ ಎನ್ನುವ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಎಂದು 1807ರ ಪುಸ್ತಕದಲ್ಲಿ ಹೆಸರಿಟ್ಟ. ನಿಮ್ಮ ರೀಡಿಂಗ್ ಎಲ್ಲರದ್ದಕ್ಕಿಂತ ಬೇರೆ ಬಂದರೆ ಅಂಕಿ ಅಳಿಸಬೇಡಿ. ನೀರು ಎಲ್ಲಿಂದ ಬಂತು ಎಂದು ರೆಕಾರ್ಡಿನಲ್ಲಿ ಒಂದು ಸಾಲು ಬರೆಯಿರಿ, ವಾದ ಮಾಡಿ.

ತುಕ್ಕು: ಫುಟ್‌ವಾಲ್ವ್ ಬಿಚ್ಚಿದಾಗ ನೋಡಿ

ಬಾವಿಯ ಪಂಪಿನ ಜಿಐ ಪೈಪಿಗೆ ಹಿತ್ತಾಳೆಯ ಫುಟ್‌ವಾಲ್ವ್ ಹಾಕಿದ್ದರೆ, ನಾಲ್ಕೈದು ವರ್ಷ ಬಿಟ್ಟು ಅದನ್ನು ಮೇಲಕ್ಕೆ ಎಳೆದಾಗ ಹತ್ತಿರ ಹೋಗಿ ನೋಡಿ. ಪೈಪು ಎಲ್ಲಕ್ಕಿಂತ ಜಾಸ್ತಿ ತಿಂದುಹೋಗಿರುವುದು ಹಿತ್ತಾಳೆಗೆ ತಾಗುವ ಜಾಗದಲ್ಲೇ. ಹಿತ್ತಾಳೆಯಲ್ಲಿ ತಾಮ್ರ ಇದೆ. ಪಕ್ಕದಲ್ಲಿ ಸತು, ಅದರಡಿ ಕಬ್ಬಿಣ. ನೀರು ಎರಡನ್ನೂ ಮುಟ್ಟಿದೆ. ಸೆಲ್ ತಯಾರಾಯಿತು. ಕೊಡುವ ಕಡೆ ಆನೋಡು, ಅಂದರೆ ಮೊದಲು ಸತು, ಅದು ಮುಗಿದ ಮೇಲೆ ಕಬ್ಬಿಣ. ಜಿಐ ಅಂದರೆ ಕಬ್ಬಿಣದ ಮೇಲೆ ಸತು ಬಳಿಯುವುದು. ಸತುವಿನ ಪೊಟೆನ್ಷಿಯಲ್ ಮೈನಸ್ 0.76, ಕಬ್ಬಿಣಕ್ಕಿಂತ ಕೆಳಗೆ, ಹಾಗಾಗಿ ತಾನು ಸತ್ತು ಕಬ್ಬಿಣವನ್ನು ಉಳಿಸುತ್ತದೆ. ಗೀರು ಬಿದ್ದರೂ ಉಳಿಸುತ್ತದೆ. ತವರ ಬಳಿದ ಡಬ್ಬಿಯಲ್ಲಿ ಹಾಗಲ್ಲ. ಒಮ್ಮೆ ಗೀರು ಬಿತ್ತೆಂದರೆ ಕಬ್ಬಿಣವೇ ಆನೋಡು, ತುಕ್ಕು ಇನ್ನೂ ಬೇಗ. ಈ ಎರಡರ ವ್ಯತ್ಯಾಸ ಐದು ಮಾರ್ಕಿನ ಪ್ರಶ್ನೆಯಾಗಿ ಬಂದೇ ಬರುತ್ತದೆ.

ಗಾಳಿ ಕಡಿಮೆ ಸಿಗುವ ಜಾಗ ಬೇಗ ತುಕ್ಕು ಹಿಡಿಯುತ್ತದೆ ಅನ್ನುವ ಪಾಠ ಮಕ್ಕಳಿಗೆ ತಲೆಕೆಳಗು ಅನಿಸುತ್ತದೆ. ಗೇಟಿನ ಕಂಬ ಮಣ್ಣಿಗೆ ಇಳಿಯುವಲ್ಲಿ, ಸ್ಕ್ರೂನ ತಲೆಯ ಅಡಿಯಲ್ಲಿ ಕೆದಕಿ ನೋಡಿದರೆ ಸಾಕು, ನಂಬಿಕೆ ಬರುತ್ತದೆ. ಮಂಜೇಶ್ವರ, ಕುಂಬಳೆ ಕಡೆ ಕಡಲಿನ ಹತ್ತಿರದ ಮನೆಗಳಲ್ಲಿ ಇದು ಬೇಗ ಕಾಣುತ್ತದೆ. ಗಾಳಿಯ ಉಪ್ಪು ನೀರಿನ ಪಸೆಗೆ ಕರೆಂಟ್ ಹರಿಸುವ ಗುಣ ಕೊಡುತ್ತದೆ, ಅದಕ್ಕೆ. ಅದೇ ಕಡಲಗಾಳಿಗೆ ಬೇಕಲ ಕೋಟೆಯ ಮುರಕಲ್ಲು ನೂರಾರು ವರ್ಷದಿಂದ ಮೈಯೊಡ್ಡಿ ನಿಂತಿದೆ. ಅದರೊಳಗಿನ ಕಬ್ಬಿಣ ತುಕ್ಕು ಹಿಡಿಯುವುದಿಲ್ಲವೇ ಎಂದು ಒಬ್ಬಳು ಕೇಳಿದ್ದಳು. ಒಳ್ಳೆ ಪ್ರಶ್ನೆ. ಅದರ ಕಬ್ಬಿಣ ಆಗಲೇ ತುಕ್ಕಾಗಿ ಮುಗಿದಿದೆ. ಇನ್ನು ಕೊಡಲು ಎಲೆಕ್ಟ್ರಾನ್ ಉಳಿದಿಲ್ಲ.

ಬಣ್ಣ ಅಳೆಯುವುದು, ರಬ್ಬರ್ ಎಣಿಸುವುದು

ಕಲರಿಮೀಟರಿನಲ್ಲೂ ಮತ್ತೆ ಮೈಲುತುತ್ತೇ ಬರುತ್ತದೆ. ಅದಕ್ಕೆ ಅಮೋನಿಯಾ ಹಾಕಿ ಗಾಢ ನೀಲಿ ಮಾಡಿ, 620 ನ್ಯಾನೋಮೀಟರ್ ಬೆಳಕು ಹಾಯಿಸುತ್ತೀರಿ. ಅದು ಕೆಂಪು ಕಡೆಯ ಬೆಳಕು. ನೀಲಿ ದ್ರಾವಣಕ್ಕೆ ಕೆಂಪು ಬೆಳಕು ಯಾಕೆ? ದ್ರಾವಣ ನುಂಗುವುದು ಕೆಂಪನ್ನು, ನಮಗೆ ಕಾಣುವುದು ನುಂಗದೆ ಬಿಟ್ಟ ನೀಲಿ. ಎಷ್ಟು ನುಂಗಿತು ಎಂದು ಅಳೆದರೆ ಎಷ್ಟು ತಾಮ್ರ ಇತ್ತು ಗೊತ್ತಾಗುತ್ತದೆ. ಗ್ರಾಫ್ ಎಳೆಯುವಾಗ ಚುಕ್ಕಿಗಳನ್ನು ಒಂದಕ್ಕೊಂದು ಜೋಡಿಸಬೇಡಿ, ಸೊನ್ನೆಯಿಂದ ಹೊರಟು ಎಲ್ಲದರ ನಡುವೆ ಹಾಯುವ ಒಂದು ನೇರ ಗೆರೆ ಎಳೆಯಿರಿ. ಇಷ್ಟೇ.

ಪಾಲಿಮರ್ ಪಾಠಕ್ಕೆ ಬೆಳಿಗ್ಗೆ ಬೇಗ ಏಳಬೇಕು. ಟ್ಯಾಪಿಂಗ್ ಮಾಡಿ ತಂದ ರಬ್ಬರ್ ಹಾಲಿನಲ್ಲಿ ರಬ್ಬರಿನ ಕಣಗಳು ಋಣ ಚಾರ್ಜ್ ಹೊತ್ತು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಟ್ರೇಗೆ ಹೊಯ್ದು ಫಾರ್ಮಿಕ್ ಆಸಿಡ್ ಹಾಕಿದರೆ ಆ ಚಾರ್ಜ್ ಹೋಗುತ್ತದೆ, ಕಣಗಳು ಕೂಡಿ ಹೆಪ್ಪಾಗುತ್ತವೆ. ಒಂದು ಕಣದೊಳಗಿನ ಸರಪಳಿಯ ಕೊಂಡಿ ಐಸೋಪ್ರೀನ್, ತೂಕ 68. ಸರಪಳಿಯ ತೂಕ 6,80,000 ಇದ್ದರೆ ಕೊಂಡಿ ಎಷ್ಟು? 10,000. ಡಿಗ್ರಿ ಆಫ್ ಪಾಲಿಮರೈಸೇಷನ್ ಅಂದರೆ ಈ ಭಾಗಾಕಾರ. ಮನೆಯಲ್ಲಿ ಹೊಗೆ ಹಾಕಿದ ಶೀಟನ್ನು ಬಿಸಿಲಿಗೆ ಬಿಟ್ಟರೆ ಅಂಟಂಟು. ಟಯರು ಹಾಗಾಗುವುದಿಲ್ಲ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಬಿಸಿ ಮಾಡಿ ಕಂಡುಕೊಂಡ ಉಪಾಯದಲ್ಲಿ ಆಗುವುದು ಇದು: ಪಕ್ಕಪಕ್ಕದ ಸರಪಳಿಗಳ ನಡುವೆ ಗಂಧಕದ ಸೇತುವೆ. ಸೇತುವೆ ಸ್ವಲ್ಪ ಇದ್ದರೆ ಎಳೆದು ಬಿಟ್ಟಾಗ ಹಿಂದಕ್ಕೆ ಬರುತ್ತದೆ, ತುಂಬಾ ಆದರೆ ಎಬೊನೈಟಿನ ಹಾಗೆ ಕಲ್ಲಾಗುತ್ತದೆ.

ಫಿಲ್ಟರ್ ಮಾರಲು ಬಂದವನ ಎರಡು ಸರಳು

ಇಷ್ಟು ಓದಿ ಆದ ಮೇಲೆ ನಾನು ಮಕ್ಕಳಿಂದ ಮಾಡಿಸುವ ಒಂದು ಪ್ರಯೋಗ ಇದೆ. ಮನೆಗೆ ನೀರಿನ ಫಿಲ್ಟರ್ ಮಾರಲು ಬರುವವರು ಎರಡು ಲೋಟ ಇಡುತ್ತಾರೆ. ಒಂದರಲ್ಲಿ ನಿಮ್ಮ ಬಾವಿ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಲೋಹದ ಸರಳಿರುವ ಒಂದು ಉಪಕರಣವನ್ನು ಅದ್ದಿ ಸ್ವಿಚ್ ಹಾಕುತ್ತಾರೆ. ನಿಮ್ಮ ನೀರು ಕಂದು ಕೆಸರಾಗುತ್ತದೆ, ಅವರದ್ದು ತಿಳಿಯಾಗಿಯೇ ಇರುತ್ತದೆ. “ನೋಡಿ ಅಮ್ಮ, ನೀವು ಇದನ್ನು ಕುಡಿಯುತ್ತಾ ಇದ್ದೀರಿ.” ಅಮ್ಮ ಹೆದರದೆ ಏನು ಮಾಡುತ್ತಾರೆ?

ನೀವೇ ಮಾಡಿ ನೋಡಿ. ಮೂರು ಗಾಜಿನ ಲೋಟ. ಒಂದರಲ್ಲಿ ಫಿಲ್ಟರ್ ನೀರು (ಕರಗಿದ ಉಪ್ಪನ್ನೂ ತೆಗೆಯುವ ಆರ್‌ಒ ಫಿಲ್ಟರಿನದ್ದು), ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಅದೇ ಫಿಲ್ಟರ್ ನೀರಿಗೆ ಅರ್ಧ ಚಮಚ ಉಪ್ಪು. ಎರಡೆರಡು ಕಬ್ಬಿಣದ ಮೊಳೆ, ಒಂದು 9 ವೋಲ್ಟಿನ ಬ್ಯಾಟರಿ. ಗೋಡೆಯ ಪ್ಲಗ್ಗಿಗೆ ಮಾತ್ರ ಕೈ ಹಾಕಬೇಡಿ. ಕಿಟಕಿ ತೆರೆದಿಡಿ, ಆದ ಮೇಲೆ ನೀರು ಚೆಲ್ಲಿ.

ಉಪ್ಪು ಹಾಕಿದ ಫಿಲ್ಟರ್ ನೀರೇ ಎಲ್ಲಕ್ಕಿಂತ ಬೇಗ ಕೊಳಕಾಗುತ್ತದೆ. ಆ ಕಂದು ನೀರಿನಲ್ಲಿ ಇದ್ದದ್ದಲ್ಲ, ಮೊಳೆಯಿಂದ ಬಂದದ್ದು. ಪ್ಲಸ್ಸಿಗೆ ಕಟ್ಟಿದ ಮೊಳೆ ಆನೋಡು, ಅದರ ಕಬ್ಬಿಣ ನೀರಿಗೆ ಇಳಿದು ಮೊದಲು ಹಸಿರು, ಆಮೇಲೆ ಗಾಳಿ ತಾಗಿ ಕಂದು. ಇನ್ನೊಂದು ಮೊಳೆಯಲ್ಲಿ ಗುಳ್ಳೆ, ಹೈಡ್ರೋಜನ್. ಫಿಲ್ಟರ್ ನೀರಿನಲ್ಲಿ ಅಯಾನು ಕಡಿಮೆ, ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಬಣ್ಣವೂ ಇಲ್ಲ. ಉಪ್ಪಿನ ನೀರಿನಲ್ಲಿ 0.1 ಆಂಪಿಯರ್ 10 ನಿಮಿಷ ಹರಿಯಿತು ಅನ್ನಿ. 60 ಕೂಲಂಬ್. ಅದನ್ನು ಒಂದು ಮೋಲ್ ಎಲೆಕ್ಟ್ರಾನಿನ ಚಾರ್ಜ್ ಆದ 96,500ರಿಂದ ಭಾಗಿಸಿ, ಎಲೆಕ್ಟ್ರಾನ್ ಎರಡಾದ್ದರಿಂದ ಮತ್ತೆ 2ರಿಂದ ಭಾಗಿಸಿ, ಕಬ್ಬಿಣದ ಮೋಲ್ ತೂಕ 55.85ರಿಂದ ಗುಣಿಸಿ. ಸುಮಾರು 17 ಮಿಲಿಗ್ರಾಂ ಕಬ್ಬಿಣ. 200 ಮಿಲಿಲೀಟರಿನ ಲೋಟದಲ್ಲಿ ಅದು ಎಷ್ಟು ಪಿಪಿಎಂ ಎಂದು ನೀವೇ ಲೆಕ್ಕ ಹಾಕಿ.

ಕಳೆದ ವರ್ಷ ನಮ್ಮ ಮನೆಗೂ ಒಬ್ಬ ಹುಡುಗ ಆ ಉಪಕರಣ ಹಿಡಿದು ಬಂದಿದ್ದ. ಸುರಂಗದ ನೀರು ಕೊಟ್ಟೆ. ಐದು ನಿಮಿಷ ಕಾದ. ಸರಳಿನ ಸುತ್ತ ಹಳದಿಯ ಒಂದು ಎಳೆ ಬಿಟ್ಟರೆ ಏನೂ ಬರಲಿಲ್ಲ. ಬ್ಯಾಟರಿ ಹೋಗಿರಬೇಕು ಸಾರ್ ಎಂದು ಉಪಕರಣವನ್ನು ಎರಡು ಸಲ ಕುಟ್ಟಿ ನೋಡಿದ. ನಾನು ಅಡುಗೆ ಮನೆಯಿಂದ ಉಪ್ಪಿನ ಭರಣಿ ತಂದೆ.